ನವೆಂಬರಿನ ಮೂರನೆಯ ಶನಿವಾರ

ಉತ್ತರ ಕ್ಯಾರೊಲಿನಾದ ಸಣ್ಣ ಊರೊಂದರ ದಿನಪತ್ರಿಕೆಯಲ್ಲಿ, ತೊಂಬತ್ತರ ದಶಕದ ಬಹುಭಾಗ, ನಾನು ಕ್ರೀಡಾ ವಿಭಾಗದ ಮೇಜಿನಲ್ಲಿ ಕೂತೆ. ವರದಿಗಾರನಾಗಿ ಅಲ್ಲ. ಒಳಪುಟದಲ್ಲಿ, ಕನ್ನಡಕವಿಲ್ಲದೆ ಓದಲಾಗದಷ್ಟು ಸಣ್ಣ ಅಕ್ಷರದಲ್ಲಿ ಬರುವ ಪಟ್ಟಿಗಳು ನನ್ನ ಪಾಲಿನವು. ಯಾರು ಯಾರ ಮೇಲೆ ಗೆದ್ದರು, ಎಷ್ಟು ಅಂಕಕ್ಕೆ ಗೆದ್ದರು, ಗುಂಪಿನಲ್ಲಿ ಯಾರು ಎಷ್ಟನೆಯ ಸ್ಥಾನದಲ್ಲಿದ್ದಾರೆ, ಇಷ್ಟೇ. ಮೈಸೂರಿನ ಪತ್ರಿಕೆಯೊಂದರಲ್ಲಿ ಒಂಬತ್ತು ವರ್ಷ ಕ್ರಿಕೆಟ್ ಸ್ಕೋರು ತಿದ್ದಿದವನಿಗೆ ಅದು ಕಷ್ಟದ ಕೆಲಸವಾಗಿರಲಿಲ್ಲ. ಹೆಂಡತಿಗೆ ರಾಲೀ ಬಳಿಯ ಕಂಪನಿಯಲ್ಲಿ ಕೆಲಸ, ಮನೆ ಏಪೆಕ್ಸ್ ಎಂಬ ಊರಿನಲ್ಲಿ, ಅಲ್ಲಿಂದ ಪತ್ರಿಕೆಯ ಕಚೇರಿಗೆ ಕಾರಿನಲ್ಲಿ ಮುಕ್ಕಾಲು ಗಂಟೆ. ಗ್ರೀನ್ ಕಾರ್ಡ್ ಕೈಗೆ ಬಂದ ತಿಂಗಳೇ ಅಲ್ಲಿಗೆ ಅರ್ಜಿ ಹಾಕಿದ್ದೆ.

ಕ್ರೀಡಾ ಸಂಪಾದಕ ಅರವತ್ತರ ಹತ್ತಿರದ ಮನುಷ್ಯ. ಮೊದಲ ದಿನ ನನಗೆ ಹೇಳಿದ್ದು ಎರಡೇ ಮಾತು. "ಹೆಸರು ತಪ್ಪಬಾರದು. ಕೊಟ್ಟ ಮಾತು ತಪ್ಪಬಾರದು." ಮೊದಲನೆಯದು ಸುಲಭ.

ಅಲ್ಲಿ ಫುಟ್‌ಬಾಲ್ ಎಂದರೆ ಚೆಂಡನ್ನು ಕೈಯಲ್ಲಿ ಹಿಡಿದು, ತಲೆಗೆ ಹೆಲ್ಮೆಟ್ ಹಾಕಿಕೊಂಡು, ಒಬ್ಬರನ್ನೊಬ್ಬರು ಕೆಡವುತ್ತಾ ಆಡುವ ಆಟ. ಊರಿನ ಕಾಲೇಜು ಆಡುವ ಶನಿವಾರ ಮದುವೆ ಇಟ್ಟುಕೊಳ್ಳುವವರಿಲ್ಲ. ಕಾಲೇಜುಗಳು ಎಂಟು ಹತ್ತರ ಗುಂಪು ಕಟ್ಟಿಕೊಂಡು ಪ್ರತಿವರ್ಷ ತಮ್ಮೊಳಗೆ ಆಡುತ್ತವೆ. ಆ ಗುಂಪಿಗೆ ಕಾನ್ಫರೆನ್ಸ್ ಎನ್ನುತ್ತಾರೆ. ನಮ್ಮ ದೇಶೀ ಕ್ರಿಕೆಟ್ಟಿನಲ್ಲಿ ದಕ್ಷಿಣ ವಲಯ ಇದ್ದಂತೆ. ವಲಯದೊಳಗೆ ಯಾರು ಯಾರಿಗೆ ಆಗದವರು ಎಂಬುದು ಹುಟ್ಟುವ ಮೊದಲೇ ತೀರ್ಮಾನವಾಗಿರುತ್ತದೆ.

ನಮ್ಮ ಪತ್ರಿಕೆಯ ಊರಿನ ಕಾಲೇಜಿನ ಅಂಗಿ ಕೆಂಪು. ನಲವತ್ತು ನಿಮಿಷದ ದಾರಿಯ ಪಕ್ಕದೂರಿನ ಕಾಲೇಜಿನದು ಹಸಿರು. ಎರಡೂ ಒಂದೇ ಗುಂಪಿನವು. ನಾನು ಮಾಡುತ್ತಿದ್ದ ಪಟ್ಟಿಯಲ್ಲಿ ಬಹುತೇಕ ಒಂದರ ಕೆಳಗೆ ಒಂದು ಇರುತ್ತಿದ್ದವು, ಎರಡೂ ಅಷ್ಟೇನೂ ಗೆಲ್ಲುತ್ತಿರಲಿಲ್ಲವಾದ್ದರಿಂದ. ನವೆಂಬರಿನ ಮೂರನೆಯ ಶನಿವಾರ ಇವೆರಡರ ನಡುವೆ ಋತುವಿನ ಕೊನೆಯ ಪಂದ್ಯ, ಹಸಿರಿನವರ ಮೈದಾನ ಚಿಕ್ಕದಾದ್ದರಿಂದ ಯಾವಾಗಲೂ ನಮ್ಮಲ್ಲೇ. ಆ ದಿನ ಎಂದಾದರೂ ಬದಲಾದದ್ದು ಯಾರಿಗೂ ನೆನಪಿರಲಿಲ್ಲ.

ನಾನು ಸೇರಿದ ಮೊದಲ ವರ್ಷ ಸಂಪಾದಕ ನನ್ನನ್ನು ಆ ಪಂದ್ಯಕ್ಕೆ ಕಳಿಸಿದ. "ಪಟ್ಟಿಯಲ್ಲಿರುವವರ ಮುಖವನ್ನೂ ಒಮ್ಮೆ ನೋಡಿಕೊಂಡು ಬಾ" ಎಂದ. ಪಂದ್ಯ ಮುಗಿದು ಜನ ಪಾರ್ಕಿಂಗ್ ಜಾಗದಲ್ಲಿ ಕಾರಿನ ಡಿಕ್ಕಿ ತೆರೆದು ಊಟಕ್ಕೆ ಕೂತಿದ್ದರು. ಸುಟ್ಟ ಮಾಂಸದ ಹೊಗೆಯ ನಡುವೆ ನಡೆಯುತ್ತಿದ್ದೆ. ಎಡಗಡೆಯಿಂದ ಧಾರವಾಡದ ಮಾತು ಬಂತು.

"ಲೇ ಮಾಸ್ತರ, ನಿಮ್ಮ ಹುಡುಗ್ರಿಗೆ ಹೊಟ್ಟಿಗೆ ಹಾಕೀರಿಲ್ಲೋ? ಗಾಳಿ ಬಡದ್ರ ಬೀಳಾಕತ್ತಿದ್ರಲ್ಲ."

"ಡಾಕ್ಟರ್ ಸಾಹೇಬ್ರ, ನಮ್ಮವ್ರು ಬಿದ್ರ ತಾವ ಏಳ್ತಾರ. ನಿಮ್ಮವ್ರನ್ನ ಎಬ್ಬಸಾಕ ನೀವು ಚೀಲ ಹಿಡಕೊಂಡು ಓಡಬೇಕು."

ಐವತ್ತು ದಾಟಿದ ಇಬ್ಬರು ಗಂಡಸರು. ಒಬ್ಬರ ತಲೆಯ ಮೇಲೆ ಕೆಂಪು ಟೊಪ್ಪಿಗೆ, ಇನ್ನೊಬ್ಬರ ಕೊರಳಲ್ಲಿ ಹಸಿರು ಮಫ್ಲರ್. ಇಬ್ಬರ ಮೂಗೂ ಒಂದೇ. ನಡುವೆ ಡಿಕ್ಕಿಯಲ್ಲಿ ಅಗಲವಾದ ಸ್ಟೀಲಿನ ಡಬ್ಬಿ, ಅದರಲ್ಲಿ ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ.

"ಸಾರ್, ನೀವು ಕನ್ನಡದವರಾ?" ಎಂದೆ.

ಕೆಂಪು ಟೊಪ್ಪಿಗೆಯವರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ಅಲ್ರಿ, ಇಷ್ಟೊತ್ತು ನಾವು ಬೈದಾಡಿದ್ದು ಯಾ ಭಾಷಾ ಅನ್ಕೊಂಡ್ರಿ? ಬರ್ರಿ, ರೊಟ್ಟಿ ತಿನ್ರಿ."

ಅಣ್ಣತಮ್ಮಂದಿರು. ಅಣ್ಣ ನಮ್ಮ ಊರಿನಲ್ಲಿ ಮೂಳೆ ಡಾಕ್ಟರು. ಪ್ರತಿ ಶನಿವಾರ ಕೆಂಪು ತಂಡದ ಜತೆ ಮೈದಾನದ ಅಂಚಿನಲ್ಲಿ ನಿಂತು, ಬಿದ್ದ ಹುಡುಗರ ಮೊಣಕಾಲು ನೋಡುವುದು ಅವರು ತಾವಾಗಿ ಹಚ್ಚಿಕೊಂಡಿದ್ದ ಕೆಲಸ. ತಮ್ಮ ಹಸಿರು ಕಾಲೇಜಿನಲ್ಲಿ ಗಣಿತ ಕಲಿಸುವವರು. ಮದುವೆಯಾಗಿರಲಿಲ್ಲ. ಅಣ್ಣ ಅವರನ್ನು ಮಾಸ್ತರ ಎನ್ನುತ್ತಿದ್ದರು. ತಮ್ಮ ಅಣ್ಣನನ್ನು ಡಾಕ್ಟರ್ ಸಾಹೇಬ್ರ ಎನ್ನುತ್ತಿದ್ದರು. ತಮಾಷೆಗೆ ಎಂದುಕೊಂಡಿದ್ದೆ.

ಡಬ್ಬಿಗೊಂದು ನಿಯಮವಿತ್ತು. ಯಾರ ಕಾಲೇಜು ಸೋಲುತ್ತದೆಯೋ ಅವರು ಖಾಲಿ ಡಬ್ಬಿ ಮನೆಗೆ ಒಯ್ಯಬೇಕು, ಮುಂದಿನ ವರ್ಷ ತುಂಬಿಸಿಕೊಂಡು ಬರಬೇಕು. ಗೆದ್ದವರು ಸೋತವರ ಮುಖದ ಮುಂದೆ ನಿಂತು ಗಟ್ಟಿಯಾಗಿ ನಗಬೇಕು. ಅಣ್ಣ ಸೋತರೆ ಅವರ ಹೆಂಡತಿ ರೊಟ್ಟಿ ಬಡಿಯುತ್ತಿದ್ದರು. ತಮ್ಮ ಸೋತರೆ ಮರುವರ್ಷ ಹಚ್ಚಿದ ಅವಲಕ್ಕಿ ಬರುತ್ತಿತ್ತು. ಅವರಿಗೆ ಬರುತ್ತಿದ್ದದ್ದು ಅದೊಂದೇ. ಡಬ್ಬಿಯ ಮುಚ್ಚಳದ ಮೇಲೆ, ನಮ್ಮ ಕಡೆ ಪಾತ್ರೆ ಅಂಗಡಿಯಲ್ಲಿ ಹಾಕಿಕೊಡುವಂತೆ, ಚುಕ್ಕೆಚುಕ್ಕೆಯಾಗಿ ಅವರ ತಾಯಿಯ ಹೆಸರು ಕೊರೆದಿತ್ತು.

ಉಳಿದ ವಿಷಯ ಡಾಕ್ಟರ ಹೆಂಡತಿ ನನ್ನ ಹೆಂಡತಿಗೆ ಹೇಳಿದ್ದು. ಧಾರವಾಡದಲ್ಲಿ ಇವರ ತಂದೆಗೆ ಹೊಟ್ಟೆಯಲ್ಲಿ ಗಡ್ಡೆಯಾದಾಗ, ಈ ವಯಸ್ಸಿನಲ್ಲಿ ಆಪರೇಶನ್ ಬೇಡ ಎಂದು ಇಲ್ಲಿಂದ ಫೋನಿನಲ್ಲಿ ಹೇಳಿದವರು ಡಾಕ್ಟರು. ಮಾಡಿಸೋಣ ಎಂದವರು ತಮ್ಮ. ಡಾಕ್ಟರ ಮಾತು ನಡೆಯಿತು. ನಾಲ್ಕು ತಿಂಗಳಿಗೆ ತಂದೆ ಹೋದರು. ಆಪರೇಶನ್ ಮಾಡಿಸಿದ್ದರೆ ಉಳಿಯುತ್ತಿದ್ದರೋ ಇಲ್ಲವೋ ಯಾರೂ ಹೇಳಲಾರರು. ಅಂದಿನಿಂದ ತಮ್ಮ ಅಣ್ಣನ ಮನೆಯ ಹೊಸ್ತಿಲು ತುಳಿದಿಲ್ಲ, ಫೋನ್ ಮಾಡಿಲ್ಲ, ಅಣ್ಣ ಎಂದು ಕರೆದಿಲ್ಲ. ಅಣ್ಣನೂ ಹೋಗಲಿಲ್ಲ. ಆದರೆ ಅದೇ ನವೆಂಬರಿನಲ್ಲಿ ಕೆಂಪು ಹಸಿರಿನ ಪಂದ್ಯ ಬಂತು. ಇಬ್ಬರೂ ಎಂದಿನಂತೆ ಬಂದರು, ಎಂದಿನ ಜಾಗದಲ್ಲಿ ಕಾರು ನಿಲ್ಲಿಸಿದರು. ಮಾತಾಡಿದ್ದು ಆಟದ ಬಗ್ಗೆ ಮಾತ್ರ. ಅದರ ಮುಂದಿನ ವರ್ಷವೂ ಹಾಗೆಯೇ. ವರ್ಷದ ಉಳಿದ ದಿನಗಳಲ್ಲಿ ಒಬ್ಬರ ಪಾಲಿಗೆ ಇನ್ನೊಬ್ಬರು ಇರಲಿಲ್ಲ.

ಆ ವರ್ಷಗಳಲ್ಲಿ ದೇಶದ ತುಂಬ ಗುಂಪುಗಳು ಅಲುಗಾಡತೊಡಗಿದ್ದವು. ಮೇಲಿನ ದೊಡ್ಡ ಗುಂಪೊಂದು, ಟಿ.ವಿ. ನೋಡುವ ಜನ ಹೆಚ್ಚಿರುವ ಊರಿನ ಕಾಲೇಜನ್ನು ತನ್ನ ಕಡೆಗೆ ಎಳೆದುಕೊಳ್ಳುತ್ತಿತ್ತು. ಕಾಲೇಜು ಕಳೆದುಕೊಂಡ ಗುಂಪು ತನಗಿಂತ ಕೆಳಗಿನ ಗುಂಪಿಗೆ ಕೈ ಹಾಕುತ್ತಿತ್ತು. ಟೆಕ್ಸಸ್ ಕಡೆಯ ಹಳೆಯ ಗುಂಪೊಂದು ಪೂರ್ತಿ ಕರಗಿಹೋಯಿತು. ಅದರ ಪಟ್ಟಿಯನ್ನು ಪುಟದಿಂದ ತೆಗೆದವನು ನಾನೇ. ಎರಡು ಇಂಚು ಜಾಗ ಉಳಿಯಿತು. ಮೀನು ಹಿಡಿಯುವವರಿಗೆ ಅನುಕೂಲವಾಗಲೆಂದು ಅಲ್ಲಿ ಕೆರೆಗಳ ನೀರಿನ ಮಟ್ಟ ಹಾಕಿದೆವು.

ಮೇಲಿನ ಅಲುಗಾಟ ನಮ್ಮ ಸಣ್ಣ ಗುಂಪಿಗೆ ಬಂದು ಮುಟ್ಟಲು ಕೆಲವು ವರ್ಷ ಹಿಡಿಯಿತು. ಮೊದಲು ಒಂದು ಕಾಲೇಜು ಹೋಯಿತು. ಆಮೇಲೆ ಇನ್ನೊಂದು. ಉಳಿದವು ಆರು. ಆ ಬೇಸಿಗೆಯಲ್ಲಿ, ಕೆಂಪು ಕಾಲೇಜೂ ಹೊರಡುತ್ತದೆ ಎಂಬ ಮಾತು ಹುಟ್ಟಿತು. ಅಟ್ಲಾಂಟಾದಲ್ಲಿ ಕಚೇರಿ ಇರುವ ದೊಡ್ಡ ಗುಂಪೊಂದು ಕರೆದಿದೆ, ಹಸಿರು ಕಾಲೇಜಿನ ಕ್ರೀಡಾಂಗಣ ಚಿಕ್ಕದು, ಅದನ್ನು ಕರೆದಿಲ್ಲ, ಹೀಗೆ. ಹೊಸ ಗುಂಪಿನಲ್ಲಿ ಯಾವ ಶನಿವಾರ ಯಾರ ಮೇಲೆ ಆಡಬೇಕೆಂಬುದನ್ನು ಗುಂಪೇ ಬರೆದುಕೊಡುತ್ತದೆ. ನವೆಂಬರಿನ ಮೂರನೆಯ ಶನಿವಾರ ವಾಷಿಂಗ್ಟನ್ ಹತ್ತಿರದ ಕಾಲೇಜೊಂದಕ್ಕೆ ಹೋಗುತ್ತದಂತೆ. ಕರ್ನಾಟಕ ನಾಳೆಯಿಂದ ಉತ್ತರ ವಲಯದಲ್ಲಿ ಆಡುತ್ತದೆ, ತಮಿಳುನಾಡಿನ ಮೇಲೆ ಇನ್ನು ಪಂದ್ಯವಿಲ್ಲ ಎಂದಂತೆ ನನಗೆ ಕೇಳಿಸಿತು.

ಡಾಕ್ಟರು ಪತ್ರಿಕೆಯ ಕಚೇರಿಗೇ ಬಂದರು.

"ಪೇಪರಿನ್ಯಾಗ ಇದ್ದೀರಿ. ಖರೇ ಏನು ಹೇಳ್ರಿ."

"ಪೇಪರಲ್ಲಿ ಬಂದಿರೋದಷ್ಟೇ ಡಾಕ್ಟ್ರೇ. ಮಾತುಕತೆ ನಡೀತಿದೆ. ಇನ್ನೂ ಡಿಸೈಡ್ ಆಗಿಲ್ಲ."

ಅಂದು ಅದು ನಿಜವಾಗಿತ್ತು.

"ಹೋಗ್ಲಿ ಬಿಡ್ರಿ, ಯಾ ಗುಂಪಿಗರ ಹೋಗ್ಲಿ. ದೊಡ್ಡವ್ರ ಸಂಗಾತ ಆಡ್ಲಿ, ಒದಿಸ್ಕೊಳ್ಳಿ. ಆ ಒಂದು ಶನಿವಾರ ಬಿಟ್ಟುಕೊಟ್ರ ಸಾಕು ನಮಗ."

ನಾನು ಕೇಳಿದೆ. "ನಲವತ್ತು ನಿಮಿಷದ ಡ್ರೈವ್ ಅಲ್ವಾ ಡಾಕ್ಟ್ರೇ? ಮ್ಯಾಚ್ ಇಲ್ದೇನೂ ಹೋಗಿ ಬರಬಹುದು."

ಅವರು ಟೊಪ್ಪಿಗೆ ತೆಗೆದು ಮಂಡಿಯ ಮೇಲಿಟ್ಟುಕೊಂಡರು. "ಹಾದಿ ಐತ್ರಿ. ಹೋಗಿ ಬಾಗಿಲಾ ಬಡದು ಏನಂತ ಹೇಳ್ಲಿ? ಅಲ್ಲಿ ಪಾರ್ಕಿಂಗ್‌ನ್ಯಾಗ ಆದ್ರ ಏನೂ ಹೇಳೂದು ಬೇಕಾಗಿಲ್ಲ."

ಸಹಿ ಸಂಗ್ರಹಿಸಿ ಕಾಲೇಜಿಗೆ ಮನವಿ ಕೊಡುವುದು ಎಂದು ಮೊದಲು ಆಯಿತು. ಮನವಿಗೆ ಕಾಲೇಜಿನಿಂದ ಒಂದು ಸಾಲಿನ ಧನ್ಯವಾದ ಬಂತು. ಆಗ ಡಾಕ್ಟರಿಗೆ ಇನ್ನೊಂದು ಯೋಚನೆ ಹೊಳೆಯಿತು. ನಮ್ಮ ಕನ್ನಡ ಕೂಟದಲ್ಲಿ ಆಗ ಮೂವತ್ತು ಚಿಲ್ಲರೆ ಮನೆಗಳು. ನವೆಂಬರ್ ಎರಡನೆಯ ಭಾನುವಾರ ರಾಜ್ಯೋತ್ಸವ. ಕಾಲೇಜಿನ ಕ್ರೀಡಾ ಮುಖ್ಯಸ್ಥನನ್ನು ಅದಕ್ಕೆ ಕರೆದು ಸನ್ಮಾನ ಮಾಡಬೇಕೆಂದರು. ಗುಂಪು ಬಿಡುವ, ಪಂದ್ಯ ಉಳಿಸುವ ಮಾತಿನಲ್ಲಿ ಅವನದೇ ಕೈ ದೊಡ್ಡದು. ಕೂಟದ ಕಾರ್ಯದರ್ಶಿ ಬೆಂಗಳೂರಿನ ಸಾಫ್ಟ್‌ವೇರ್ ಹುಡುಗ. ಅವನಿಗೆ ಇದು ಒಪ್ಪಿಗೆಯಾಗಲಿಲ್ಲ.

"ಅಂಕಲ್, ಇಲ್ಲೆಲ್ಲ ಇದು ವರ್ಕ್ ಆಗಲ್ಲ. ಶಾಲು ಹಾಕಿದ್ರೆ ಸ್ಕೆಡ್ಯೂಲ್ ಚೇಂಜ್ ಮಾಡ್ತಾರಾ?"

"ನೀ ಇನ್ನಾ ಸಣ್ಣಾಂವ. ನಮ್ಮೂರಾಗ ಸಾಹೇಬ್ರಿಗೆ ಬರೇ ಅರ್ಜಿ ಕೊಟ್ರ ಕೆಲಸ ಆಕ್ಕೈತೇನು? ಶಾಲು ಹೊದಿಸಿ, ಹಾರ ಹಾಕಿ, ಬಿನ್ನವತ್ತಳೆ ಓದಬೇಕು. ನೂರು ಮಂದಿ ಮುಂದ ಹೊಗಳಿಸ್ಕೊಂಡಾಂವ ಆಮ್ಯಾಲ ಇಲ್ಲ ಅನ್ನಾಕ ನಾಚ್ತಾನ."

"ಅವ್ರು ನಾಚ್ಕೊಳಲ್ಲ ಅಂಕಲ್. ಅವ್ರು ಥ್ಯಾಂಕ್ಸ್ ಅಂತಾರೆ, ಹೋಗ್ತಾರೆ."

"ನೀ ಸುಮ್ನ ಪೇಟಾ ತರಸು."

ಮೈಸೂರು ಪೇಟ ಯಾರದೋ ಅತ್ತೆಯ ಸೂಟ್‌ಕೇಸಿನಲ್ಲಿ ಬಂತು. ಬಿನ್ನವತ್ತಳೆ ಬರೆಯುವ ಕೆಲಸ ನನ್ನ ಪಾಲಿಗೆ. ಕೂಟದಲ್ಲಿ ಪತ್ರಿಕೆಯವನು ನಾನೊಬ್ಬನೇ. ಕನ್ನಡದಲ್ಲೊಂದು, ಇಂಗ್ಲಿಷಿನಲ್ಲೊಂದು ಬರೆದು, ಚೌಕಟ್ಟು ಹಾಕಿಸಿದೆ. ಇಂಥ ಪತ್ರದಲ್ಲಿ ಇರಬೇಕಾದ ಎಲ್ಲವೂ ಅದರಲ್ಲಿತ್ತು. ಕೊನೆಯ ಸಾಲು ಮಾತ್ರ ಡಾಕ್ಟರು ಹೇಳಿ ಬರೆಸಿದ್ದು: ಎರಡು ಊರುಗಳನ್ನು ವರ್ಷಕ್ಕೊಮ್ಮೆ ಒಂದು ಕಡೆ ಕೂರಿಸುವ ಪುಣ್ಯ ತಮ್ಮದು, ಅದನ್ನು ತಾವು ಕಾಪಾಡಿಕೊಂಡು ಬರಬೇಕೆಂದು ಬಿನ್ನಹ.

ರಾಜ್ಯೋತ್ಸವದ ಹಿಂದಿನ ಗುರುವಾರ ಮಧ್ಯಾಹ್ನ ಸಂಪಾದಕ ನನ್ನನ್ನು ತನ್ನ ಕೋಣೆಗೆ ಕರೆದು ಬಾಗಿಲು ಹಾಕಿದ. ಕಾಲೇಜು ಸಹಿ ಹಾಕಿ ಆಗಿದೆ ಎಂದ. ಸೋಮವಾರ ಬೆಳಿಗ್ಗೆ ಪ್ರಕಟಣೆ. ಅಲ್ಲಿಯ ತನಕ ಬರೆಯುವುದಿಲ್ಲ, ಯಾರಿಗೂ ಹೇಳುವುದಿಲ್ಲ ಎಂದು ಮಾತು ಕೊಟ್ಟು, ಅದಕ್ಕೆ ಬದಲಾಗಿ ಹೊಸ ವೇಳಾಪಟ್ಟಿಯನ್ನು ಮೊದಲೇ ಪಡೆದಿದ್ದ. ಸೋಮವಾರದ ಕೆಲಸಕ್ಕೆ ಪಟ್ಟಿಗಳನ್ನು ಈಗಲೇ ಸಿದ್ಧಮಾಡಬೇಕಿತ್ತು. ಅದಕ್ಕಾಗಿ ನನಗೆ ಹೇಳಿದ.

"ಹಸಿರು ಕಾಲೇಜಿನ ಪಂದ್ಯ?" ಎಂದೆ.

"ಸೆಪ್ಟೆಂಬರಿನಲ್ಲಿ ಒಂದು ದಿನ ಕೊಡುತ್ತೇವೆ ಎಂದರಂತೆ. ಹಸಿರಿನವರಿಗೆ ಆ ದಿನ ಬೇರೆ ಕಡೆ ಪಂದ್ಯ. ಮುಗಿಯಿತು."

"ಮುಖ್ಯಸ್ಥನಿಗೆ ಭಾನುವಾರ ನಾವು ಸನ್ಮಾನ ಮಾಡುತ್ತಿದ್ದೇವೆ."

"ಗೊತ್ತು. ಬರುವುದಿಲ್ಲ ಎಂದರೆ ಯಾಕೆ ಎಂದು ಕೇಳುತ್ತಾರೆ. ಅದಕ್ಕೆ ಬರುತ್ತಾನಂತೆ. ನಿನಗೆ ವಿಷಯ ತಿಳಿದಿದೆ ಎಂಬುದು ಅವನಿಗೆ ಗೊತ್ತು." ಸಂಪಾದಕ ಒಳ್ಳೆಯ ಮನುಷ್ಯ. "ಮಾತು ಕೊಟ್ಟಿದ್ದೇನೆ" ಎಂದ. ಕೊಟ್ಟವನು ಅವನು. ಉಳಿಸಿಕೊಳ್ಳಬೇಕಾದವರು ಇಬ್ಬರೂ.

ನಾನು ಮೇಜಿಗೆ ಮರಳಿ ಹೊಸ ಪಟ್ಟಿ ಹಾಕಿದೆ. ಕೆಂಪು ಕಾಲೇಜಿನ ಹೆಸರನ್ನು ಹಳೆಯ ಪಟ್ಟಿಯಿಂದ ತೆಗೆದು, ಮೂರು ಕಾಲಂ ಆಚೆ, ನಾನು ಕಂಡಿರದ ಊರುಗಳ ನಡುವೆ ಕೂರಿಸಿದೆ. ಅಕ್ಷರದೋಷ ಇರಲಿಲ್ಲ.

ಶುಕ್ರವಾರ ಡಾಕ್ಟರು ಫೋನ್ ಮಾಡಿದರು. ಬಿನ್ನವತ್ತಳೆಯ ಚೌಕಟ್ಟಿನ ಗಾಜು ಒರೆಸಿದ್ದೇನೋ ಇಲ್ಲವೋ ಎಂದು ಕೇಳಲು.

"ಡಾಕ್ಟ್ರೇ, ಸನ್ಮಾನ ಮುಂದಿನ ತಿಂಗಳು ಇಟ್ಕೊಂಡ್ರೆ ಹೇಗೆ?"

"ಮುಂದಿನ ತಿಂಗಳು ರಾಜ್ಯೋತ್ಸವ ಎಲ್ಲಿಂದ ತರೂದ್ರಿ?" ಆಮೇಲೆ ಅವರ ದನಿ ತಗ್ಗಿತು. "ಯಾಕ, ಏನರ ಗೊತ್ತಾಗೈತೇನು?"

"ಇಲ್ಲ" ಎಂದೆ. "ಏನೂ ಗೊತ್ತಾಗಿಲ್ಲ."

ಅದು ಸುಳ್ಳು. ಹೇಳುವುದಿಲ್ಲ ಎಂಬುದು ಬೇರೆ, ಗೊತ್ತಿಲ್ಲ ಎಂಬುದು ಬೇರೆ ಎಂದು ಹೊಸಬರಿಗೆ ನಾನೇ ಪಾಠ ಹೇಳುತ್ತಿದ್ದೆ. ಹೇಳಲಾರೆ ಎಂದಿದ್ದರೆ ಅವರಿಗೆ ಅಷ್ಟರಲ್ಲೇ ತಿಳಿಯುತ್ತಿತ್ತು. ಆದ್ದರಿಂದ ಹಾಗೆನ್ನಲಿಲ್ಲ.

ಭಾನುವಾರ ಹೈಸ್ಕೂಲೊಂದರ ಊಟದ ಹಾಲಿನಲ್ಲಿ ಕಾರ್ಯಕ್ರಮ. ಮುಖ್ಯಸ್ಥ ಆರಡಿ ಎತ್ತರದ ಆಳು. ಸೂಟು ಹಾಕಿಕೊಂಡು ಸಮಯಕ್ಕೆ ಸರಿಯಾಗಿ ಬಂದ, ಬಾಗಿಲಲ್ಲಿ ಶೂ ಬಿಚ್ಚಬೇಕೇ ಎಂದು ಕೇಳಿದ. ಮಕ್ಕಳು ನಾಡಗೀತೆ ಹಾಡಿದರು. ಡಾಕ್ಟರ ಹೆಂಡತಿ ಆರತಿ ಎತ್ತಿದರು. ಡಾಕ್ಟರು ಶಾಲು ಹೊದಿಸಿ, ಗಂಧದ ಹಾರ ಹಾಕಿ, ಹಣ್ಣಿನ ತಟ್ಟೆ ಕೊಟ್ಟು, ಕಡೆಗೆ ತುದಿಗಾಲಲ್ಲಿ ನಿಂತು ಪೇಟ ಇಟ್ಟರು. ಅವನು ಅನುಕೂಲವಾಗಲೆಂದು ಮಂಡಿ ಬಗ್ಗಿಸಿದ. ಮುಂದಿನ ಸಾಲಿನ ಹುಡುಗಿಯೊಬ್ಬಳು ಅಮ್ಮನನ್ನು ಕೇಳಿದಳು, "ಇಸ್ ಹಿ ದ ಕಿಂಗ್ ನೌ?" ಜನ ನಕ್ಕರು, ಅವನೂ ನಕ್ಕ.

ನಾನು ಬಿನ್ನವತ್ತಳೆ ಓದಿದೆ. ಕನ್ನಡದ ಪತ್ರ ಓದುವಾಗ ಅವನು ನೆಲ ನೋಡುತ್ತಿದ್ದ. ಇಂಗ್ಲಿಷಿನ ಕೊನೆಯ ಸಾಲಿಗೆ ಬಂದಾಗ ತಲೆಯೆತ್ತಿ ನನ್ನನ್ನು ನೋಡಿದ. ಆ ಹಾಲಿನಲ್ಲಿ ವಿಷಯ ತಿಳಿದಿದ್ದವರು ನಾವಿಬ್ಬರೇ, ಇಬ್ಬರೂ ವೇದಿಕೆಯ ಮೇಲೆ. ಅವನ ಹಣೆ ಪೇಟದ ಕೆಳಗೆ ಬೆವರಿತ್ತು. ನಾನು ಸಾಲು ಮುಗಿಸಿದೆ. ಚಪ್ಪಾಳೆ ಬಿತ್ತು.

ಅವನು ಚಿಕ್ಕದಾಗಿ ಮಾತಾಡಿದ. ಇಂಥ ಗೌರವ ತನಗೆ ಯಾರೂ ಕೊಟ್ಟಿಲ್ಲ, ಈ ದಿನವನ್ನು ಮರೆಯುವುದಿಲ್ಲ, ಡಾಕ್ಟರಿಗೆ ತಂಡ ಋಣಿ ಎಂದ. ಪಂದ್ಯದ ಹೆಸರೆತ್ತಲಿಲ್ಲ. ಅವನು ಆಡಿದ ಮಾತುಗಳಲ್ಲಿ ಒಂದೂ ಸುಳ್ಳಿರಲಿಲ್ಲ. ಆ ಲೆಕ್ಕಕ್ಕೆ ಅವನು ನನಗಿಂತ ಮೇಲು.

ಕೆಳಗಿಳಿದಾಗ ಡಾಕ್ಟರು ನನ್ನ ಕಿವಿಯಲ್ಲಿ ಹೇಳಿದರು. "ಕಣ್ಣಾಗ ನೀರು ಬಂದಿದ್ವು ನೋಡಿದ್ರಿಲ್ಲೋ? ಕೆಲಸ ಆತು."

ಸೋಮವಾರ ಪ್ರಕಟಣೆಯಾಯಿತು. ಮುಖ್ಯಸ್ಥ ವಿವರಿಸಿದ: ಗುಂಪು ಒಡೆಯುತ್ತಿದೆ, ಉಳಿದರೆ ನಾವೇ ಕೊನೆಯವರಾಗುತ್ತೇವೆ, ನಮಗೆ ಬೇರೆ ದಾರಿಯಿರಲಿಲ್ಲ. ನನಗೆ ಇದು ನೆಪ ಎನಿಸಲಿಲ್ಲ. ಅಟ್ಲಾಂಟಾದವರಿಗೂ ಮೇಲಿನವರು ಕೈ ಹಾಕಿದ್ದರು. ಆ ಮೇಲಿನವರಿಗೂ ಯಾರೋ. ಬೈಯಬೇಕೆಂದರೆ ಯಾರ ಮುಂದೆ ಹೋಗಿ ನಿಲ್ಲಬೇಕೆಂದು ತಿಳಿಯುತ್ತಿರಲಿಲ್ಲ.

ಸಂಜೆ ಮೊದಲ ಪುಟಕ್ಕೆ ಚಿತ್ರ ಆರಿಸುವಾಗ, ನಮ್ಮ ಛಾಯಾಗ್ರಾಹಕ ಭಾನುವಾರ ತೆಗೆದ ಚಿತ್ರ ಮೇಜಿನ ಮೇಲೆ ಬಂತು. ಪೇಟ ತೊಟ್ಟ ಮುಖ್ಯಸ್ಥ. ಅಂಚಿನಲ್ಲಿ, ಪೇಟ ಸರಿಪಡಿಸುತ್ತಿರುವ ಡಾಕ್ಟರ ಎರಡು ಕೈ ಮತ್ತು ಅರ್ಧ ಮುಖ.

"ಇದು ಬೇಡ" ಎಂದೆ.

"ಯಾಕೆ? ಮನುಷ್ಯನ ಹೊಸ ಚಿತ್ರ. ನಿನ್ನೆಯದು. ಚೆನ್ನಾಗಿದೆ. ಇದರಲ್ಲಿ ತಪ್ಪೇನಿದೆ ಹೇಳು, ತೆಗೆಯುತ್ತೇನೆ."

ತಪ್ಪು ಎನ್ನುವಂಥದ್ದು ಏನೂ ಇರಲಿಲ್ಲ. ನನ್ನ ಮುಖ ನೋಡಿ ಸಂಪಾದಕ ಇನ್ನೊಂದು ಚಿತ್ರ ಹುಡುಕಿಸಿದ. ಸಿಕ್ಕಿದ್ದು ನಾಲ್ಕು ವರ್ಷ ಹಿಂದಿನದು, ಮಸುಕಾಗಿತ್ತು. ಕಡೆಗೆ ಪೇಟದ ಚಿತ್ರವೇ ಹೋಯಿತು. ಚಿತ್ರದ ಕೆಳಗಿನ ಎರಡು ಸಾಲು ಬರೆದವನು ನಾನು. ಯಾರು, ಎಲ್ಲಿ, ಯಾವಾಗ, ಎಲ್ಲ ಸರಿಯಿತ್ತು.

ಮಂಗಳವಾರ ಬೆಳಿಗ್ಗೆ ಏಳಕ್ಕೆ ಡಾಕ್ಟರ ಫೋನು.

"ನಿಮಗ ಯಾವಾಗ ಗೊತ್ತಾತು?"

"ಗುರುವಾರ."

"ಗುರುವಾರ." ತಾವೂ ಒಮ್ಮೆ ಹೇಳಿಕೊಂಡರು. "ಅಂದ್ರ ನಾ ಫೋನ್ ಮಾಡಿದಾಗ ಗೊತ್ತಿತ್ತು."

"ಹೌದು. ಮಾತು ಕೊಟ್ಟಾಗಿತ್ತು ಡಾಕ್ಟ್ರೇ."

"ಇರ್ಲಿ. ನಾನೂ ಪೇಶಂಟ್‌ಗೆ ಎಲ್ಲಾ ಹೇಳಂಗಿಲ್ಲ." ಆಮೇಲೆ, "ಪೇಟಾ ಮಾತ್ರ ಛಲೋ ಕೂತಿತ್ತು ನೋಡ್ರಿ ಅವನ ತಲಿಗೆ" ಎಂದು ಫೋನ್ ಇಟ್ಟರು. ಬೈದಿದ್ದರೆ ನನಗೆ ಹಗುರವಾಗುತ್ತಿತ್ತು.

ಅದೇ ಶನಿವಾರ ಕೊನೆಯ ಪಂದ್ಯ. ನಾನು ರಜೆ ಹಾಕಿ ಹೋದೆ. ಹಿಂದಿನ ವರ್ಷ ಕೆಂಪು ಸೋತಿದ್ದರಿಂದ ಡಬ್ಬಿಯಲ್ಲಿ ರೊಟ್ಟಿ ಇತ್ತು. ಈ ಸಲ ಕೆಂಪು ಗೆದ್ದಿತು, ಎರಡೇ ಅಂಕಕ್ಕೆ. ಪಂದ್ಯ ಮುಗಿದರೂ ಜನ ಬಹಳ ಹೊತ್ತು ಕೂತೇ ಇದ್ದರು. ಎರಡೂ ಕಡೆಯ ಬ್ಯಾಂಡಿನವರು ಬೇರೆ ಬೇರೆ ಹಾಡನ್ನು ಒಟ್ಟಿಗೇ ಬಾರಿಸುತ್ತಿದ್ದರು.

ಪಾರ್ಕಿಂಗ್‌ನಲ್ಲಿ ಡಾಕ್ಟರು ಸೊಂಟಕ್ಕೆ ಕೈಕೊಟ್ಟು ತಮ್ಮನ ಮುಂದೆ ನಿಂತು ನಕ್ಕರು. ನಿಯಮದಂತೆ ಗಟ್ಟಿಯಾಗಿಯೇ ನಕ್ಕರು. ತಮ್ಮ ಎಂದಿನಂತೆ ಕೈಯಲ್ಲಿ ಕಿವಿ ಮುಚ್ಚಿಕೊಂಡರು. ಮೂವರೂ ತಿಂದೆವು. ಪೇಟದ ವಿಷಯ ಪಕ್ಕದೂರಿಗೂ ಹೋಗಿತ್ತು.

"ಡಾಕ್ಟರ್ ಸಾಹೇಬ್ರ, ಪೇಟಾ ನಮ್ಮ ಕಾಲೇಜಿನವ್ರಿಗೆ ಹಾಕಿದ್ರ ಏನರ ಆಗ್ತಿತ್ತೇನೋ."

"ನಿಮ್ಮವ್ರನ್ನ ಯಾರು ಕರದಾರಲೇ ಹೋಗಾಕ?"

ಇಬ್ಬರೂ ನಕ್ಕರು. ಡಬ್ಬಿ ಖಾಲಿಯಾಯಿತು. ಡಾಕ್ಟರು ಅದನ್ನು ಕಾಗದದಿಂದ ಒರೆಸಿ, ಮುಚ್ಚಳ ಒತ್ತಿ, ತಮ್ಮನ ಕೈಗೆ ಕೊಟ್ಟರು. ಗೆದ್ದ ವರ್ಷ ಆಡುವ ಮಾತು ಬಾಯಿಂದ ತಾನಾಗಿ ಬಂತು.

"ಮುಂದಿನ ಸಲ ಮತ್ತ ಅವಲಕ್ಕಿ ತಂದ್ರ ನಾ ಮುಟ್ಟಂಗಿಲ್ಲ ನೋಡು."

ಆಡಿದ ಮೇಲೆ ಅವರಿಗೆ ತಿಳಿಯಿತು. ತಮ್ಮ ಡಬ್ಬಿಯನ್ನು ಎದೆಗೆ ಹಿಡಿದುಕೊಂಡು ನಿಂತಿದ್ದರು. ಯಾರಾದರೂ ಒಬ್ಬರು ಏನಾದರೂ ಹೇಳಬಹುದಿತ್ತು. ನಾನೂ ಹೇಳಬಹುದಿತ್ತು. ಪಕ್ಕದ ಕಾರಿನವರು ಇಂಜಿನ್ ಚಾಲೂ ಮಾಡಿದರು.

"ನೋಡೂಣು" ಎಂದರು ತಮ್ಮ. ಕಾರು ಹತ್ತಿ ಹೋದರು.

ಮುಂದಿನ ವರ್ಷ ಕೆಂಪು ಕಾಲೇಜು ದೂರದೂರದ ಊರುಗಳಲ್ಲಿ ಆಡಿತು. ಮೈದಾನದ ಅಂಚಿನ ಕೆಲಸಕ್ಕೆ ಆಸ್ಪತ್ರೆಯೊಂದರ ಜತೆ ಕರಾರಾಯಿತು, ಡಾಕ್ಟರಿಗೆ ಕಾಲೇಜಿನಿಂದ ಒಂದು ಒಳ್ಳೆಯ ಪತ್ರ ಬಂತು. ನವೆಂಬರಿನ ಮೂರನೆಯ ಶನಿವಾರ ತಂಡ ವಾಷಿಂಗ್ಟನ್ ಕಡೆ ಹೋಗಿತ್ತು. ನಮ್ಮ ಊರಿನ ಪಾರ್ಕಿಂಗ್ ಜಾಗ ಖಾಲಿ. ಕಚೇರಿಗೆ ಬರುವಾಗ ಅದರ ಮುಂದೆಯೇ ಬಂದೆ.

ನಾಲ್ಕೂವರೆಗೆ ಮೇಜಿನ ಫೋನು. ಡಾಕ್ಟರು.

"ಹಸಿರು ಏನಾತ್ರಿ?"

"ಸೋತ್ರು ಡಾಕ್ಟ್ರೇ. ಹನ್ನೊಂದು ಪಾಯಿಂಟ್‌ಗೆ." ಉಳಿದ ಚೀಟಿಗಳನ್ನೂ ತಿರುವಿ ನೋಡಿದೆ. "ನಿಮ್ಮೋರ ಸ್ಕೋರ್ ಇನ್ನೂ ಬಂದಿಲ್ಲ" ಎಂದೆ.

"ಅದನ್ನ ನಾ ಕೇಳಿಲ್ಲಲ್ರಿ" ಎಂದು ಇಟ್ಟರು.

ಐದೂವರೆಗೆ ಇನ್ನೊಂದು ಫೋನು. ದನಿ ತಕ್ಷಣ ಗುರುತಾಗಲಿಲ್ಲ. ಡಾಕ್ಟರ ತಮ್ಮ ಎಂದೂ ಕಚೇರಿಗೆ ಫೋನ್ ಮಾಡಿದವರಲ್ಲ.

"ಕೆಂಪು ಕಾಲೇಜಿನ ಸ್ಕೋರ್ ಬೇಕಿತ್ತು."

"ಗೆದ್ರು ಮೇಷ್ಟ್ರೇ, ಈಗಷ್ಟೇ ಬಂತು" ಎಂದೆ. ಆಮೇಲೆ, ಈ ಸಲ ಯಾರಿಗೂ ಮಾತು ಕೊಟ್ಟಿರಲಿಲ್ಲವಾದ್ದರಿಂದ, ಹೇಳಿದೆ. "ಒಂದು ಗಂಟೆ ಹಿಂದೆ ಡಾಕ್ಟ್ರೂ ಫೋನ್ ಮಾಡಿದ್ರು. ನಿಮ್ಮ ಕಾಲೇಜಿನ ಸ್ಕೋರ್ ಕೇಳಿದ್ರು."

"ಏನಂದ್ರಿ?"

"ಸೋತ್ರು ಅಂದೆ."

"ಅಣ್ಣ ನಕ್ಕನೇನ್ರಿ?"

"ಇಲ್ಲ."

"ನಗಬೇಕಿತ್ತು" ಎಂದರು. "ಡಬ್ಬಿ ನನ್ನ ಹತ್ರನ ಐತಿ."

"ಅವ್ರಿಗೆ ಹೇಳ್ಲಾ ಮೇಷ್ಟ್ರೇ? ಈಗ್ಲೇ ಫೋನ್ ಮಾಡ್ತೀನಿ. ನೀವು ಬರ್ತೀರಿ ಅಂತ ಹೇಳ್ತೀನಿ."

"ಬ್ಯಾಡ್ರಿ." ಆಮೇಲೆ ಹೇಳಿದರು. "ಹೇಳಂಗಿಲ್ಲ ಅಂತ ಮಾತು ಕೊಡ್ರಿ."

ಕೊಟ್ಟೆ. ಅವರು ಫೋನ್ ಇಟ್ಟರು. ಪುಟ ಕಳಿಸಲು ಇನ್ನೂ ಸಮಯವಿತ್ತು. ಕೆಂಪು ಕಾಲೇಜಿನ ಗೆಲುವನ್ನು ಮೇಲಿನ ಪಟ್ಟಿಯಲ್ಲಿ ಹಾಕಿದೆ. ಹಸಿರಿನ ಸೋಲನ್ನು ಮೂರು ಕಾಲಂ ಈಚೆ, ಕೆರೆಗಳ ನೀರಿನ ಮಟ್ಟದ ಮೇಲಿದ್ದ ಪಟ್ಟಿಯಲ್ಲಿ ಹಾಕಿದೆ. ಎರಡನ್ನೂ ಎರಡು ಸಲ ಸರಿನೋಡಿದೆ. ಡಾಕ್ಟರಿಗೆ ಫೋನ್ ಮಾಡಲಿಲ್ಲ.